ಷರಾ ಕಾಲಂನಲ್ಲಿ ಬರೆದದ್ದು

ಪ್ರೆಸ್ ನೋಟ್ ಲಗತ್ತಿಸಬೇಕಾದ ಮೇಲ್‌ಗೆ ನಾನು ಪತ್ರಕರ್ತರ ಪಟ್ಟಿಯನ್ನೇ ಲಗತ್ತಿಸಿ ಕಳಿಸಿಬಿಟ್ಟಿದ್ದೆ. ಅದೂ ಯಾರಿಗೆ? ಎರಡು ವರ್ಷದಿಂದ ನನ್ನ ಒಂದೇ ಒಂದು ಸುದ್ದಿಯನ್ನೂ ಹಾಕದ ಆ ಸಿಡುಕು ವರದಿಗಾರನಿಗೆ.

ಕಂಪನಿಗಳ ಸುದ್ದಿಯನ್ನು ಪತ್ರಿಕೆಗಳಿಗೆ ಒಪ್ಪಿಸುವುದು ನನ್ನ ಉದ್ಯೋಗ. ಯಾರಿಗೆ ಯಾವಾಗ ಫೋನ್ ಮಾಡಬೇಕು, ಯಾರನ್ನು ಎಷ್ಟು ಹೊಗಳಬೇಕು ಎಂದೆಲ್ಲ ಪಟ್ಟಿಯ ಷರಾ ಕಾಲಂನಲ್ಲಿ ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತೇವೆ. ಹತ್ತೇ ನಿಮಿಷದಲ್ಲಿ ಅವನ ಫೋನ್ ಬಂತು.

“ನನ್ನ ಹೆಸರಿನ ಮುಂದೆ ಏನೋ ಬರ್ದಿದ್ದೀರಲ್ಲ, ಓದ್ಲಾ?”

“ದಯವಿಟ್ಟು ಬೇಡ.”

ಓದಿಯೇ ಬಿಟ್ಟ. “‘ಹನ್ನೊಂದಕ್ಕೆ ಮುಂಚೆ ಫೋನ್ ಬೇಡ. ಹೊಗಳಿದರೆ ಸಿಡುಕುತ್ತಾನೆ. ಕನ್ನಡಕ ತೆಗೆದಾಗ ಮುಖ ನೋಡಕೂಡದು, ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ.’ ಇದು ಆಫೀಸ್ ದಾಖಲೇನಾ?”

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. “ಹೌದು. ಅದ್ರಲ್ಲಿ ಸುಳ್ಳೇನಿದೆ?” ಎಂದೆ.

“ಕಾಫಿಗೆ ಬನ್ನಿ. ಕನ್ನಡಕ ತೆಗೆಯಲ್ಲ” ಎಂದ.

ಹೋದೆ. ಕಾಫಿಯ ಹಬೆಗೆ ಕನ್ನಡಕದ ಗಾಜು ಪೂರ್ತಿ ಮಬ್ಬಾದರೂ ಪುಣ್ಯಾತ್ಮ ಒರೆಸಿಕೊಳ್ಳಲಿಲ್ಲ.

“ಏನಾದ್ರೂ ಕಾಣ್ತಿದೆಯಾ?”

“ಏನೂ ಇಲ್ಲ. ನೀವು ನಗ್ತಿರೋದು ಮಾತ್ರ ಗೊತ್ತಾಗ್ತಿದೆ.”

ಆಮೇಲೆ ವಾರಕ್ಕೆ ಮೂರು ಸಲ ಕಾಫಿ. ಸುದ್ದಿಯ ಮಾತೊಂದು ಬಿಟ್ಟು ಉಳಿದದ್ದೆಲ್ಲ ಆಡಿದೆವು. ಮಾತು ಮುಗಿದರೂ ಅವನು ಏಳುತ್ತಿರಲಿಲ್ಲ. ನಾನು ಚೀಲ ಹೆಗಲಿಗೇರಿಸಿಕೊಂಡು ಮತ್ತೆ ಕೂರುತ್ತಿದ್ದೆ.

“ಪೇಪರ್‌ನವರನ್ನ ನಂಬಬೇಡ್ವೇ,” ಎಂದಳು ಅಕ್ಕ.

“ಅವ್ರ ಮನೇಲಿ ನನ್ನ ಬಗ್ಗೆನೂ ಇದನ್ನೇ ಹೇಳ್ತಿರ್ತಾರೆ, ಬಿಡು.”

ವಿಷಯ ಬಾಸ್ ಕಿವಿಗೆ ಬಿತ್ತು. ಬೈಯುತ್ತಾರೆ ಅಂದುಕೊಂಡಿದ್ದರೆ, ಹಿಗ್ಗಿ ಹೀರೇಕಾಯಿಯಾದರು! ಲಿಫ್ಟ್ ತಯಾರಿಸುವ ಕಂಪನಿಯೊಂದು ನಮ್ಮ ದೊಡ್ಡ ಗಿರಾಕಿ. ಅವರ ಲಿಫ್ಟ್‌ಗಳು ಮೇಲಿಂದ ಮೇಲೆ ಕೆಟ್ಟು ಜನ ಒಳಗೇ ಸಿಕ್ಕಿಕೊಳ್ಳುತ್ತಿದ್ದರು. ಅದನ್ನು ಅವನು ಬರೆಯುತ್ತಿದ್ದನಂತೆ.

“ಒಂದು ಮಾತು ಹೇಳಿ ನಿಲ್ಲಿಸಮ್ಮ. ನೀನು ಕೇಳಿದ್ರೆ ಇಲ್ಲ ಅನ್ನಲ್ಲ.”

“ಅನ್ನಲ್ಲ ಅಂತಲೇ ನಾನು ಕೇಳಲ್ಲ ಸಾರ್.”

“ಕೆಲಸ ಬೇಡ್ವಾ ನಿಂಗೆ?”

ಬೇಕಿತ್ತು. ಈ ಕುರ್ಚಿಗೆ ಬರಲು ಆರು ವರ್ಷ ಬೆವರು ಸುರಿಸಿದ್ದೆ. ಆದರೂ ಎದ್ದು ನಿಂತೆ. “ಕಂಪನಿ ತಪ್ಪು ಒಪ್ಕೊಂಡ್ರೆ ಆ ಪ್ರೆಸ್ ನೋಟ್ ಈಗ್ಲೇ ಬರೀತೀನಿ. ನನ್ನ ಪ್ರೀತೀನ ಮಾತ್ರ ಯಾರ ಕೆಲಸಕ್ಕೂ ಹಚ್ಚಲ್ಲ.”

ಹೊರಗೆ ಬಂದ ಮೇಲೆ ಹೊಳೆಯಿತು. ಪ್ರೀತಿ ಎಂದು ಬಾಯಿಬಿಟ್ಟು ಹೇಳಿದ್ದು ಬಾಸ್‌ಗೆ. ಹೇಳಬೇಕಾದವನಿಗೆ ಇನ್ನೂ ಹೇಳಿರಲಿಲ್ಲ.

ಸೀದಾ ಅವನ ಪತ್ರಿಕೆಯ ಆಫೀಸಿಗೆ ನಡೆದೆ. ನಮ್ಮಂಥವರನ್ನು ಕಾಯಿಸುವ ರಿಸೆಪ್ಷನ್ ದಾಟಿ, “ಮೇಡಂ, ಮೇಡಂ” ಎಂದು ಕೂಗಿದರೂ ನಿಲ್ಲದೆ, ಅವನ ಮೇಜಿನ ಮುಂದೆಯೇ ನಿಂತೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, “ನಿಮ್ಮನ್ನ ಪ್ರೀತಿಸ್ತೀನಿ. ಇದಕ್ಕೂ ಆ ಲಿಫ್ಟ್‌ಗೂ ಸಂಬಂಧ ಇಲ್ಲ. ನೀವು ಧಾರಾಳವಾಗಿ ಬರೀರಿ” ಎಂದೆ.

ಅವನು ಕಿವಿಯವರೆಗೂ ಕೆಂಪಾದ. “ನಾನು ಬರೆಯೋ ಹಾಗಿಲ್ಲ. ಬೆಳಿಗ್ಗೆನೇ ಸಂಪಾದಕರಿಗೆ ಹೇಳ್ಬಿಟ್ಟೆ, ಆ ಕಂಪನಿ ಪರವಾಗಿ ಬರೋ ಹುಡುಗೀನ ಪ್ರೀತಿಸ್ತಿದ್ದೀನಿ, ಈ ಸುದ್ದಿ ನನ್ನ ಕೈಲಿರಬಾರದು ಅಂತ. ನನಗಿಂತ ಖಡಕ್ಕಾಗಿ ಬರೆಯೋರಿಗೆ ಕೊಟ್ಟಿದ್ದಾರೆ. ನಾಳೆ ಮುಖಪುಟದಲ್ಲಿ ಬರುತ್ತೆ.”

“ಹಾಗಾದ್ರೆ ನನ್ನ ಕೆಲಸ ಹೋಯ್ತು.”

“ಬೇಜಾರಾ?”

“ಆಗದೇ ಇರುತ್ತಾ? ನಾಳೆ ಪೇಪರ್ ಓದಿ, ನಾಡಿದ್ದಿಂದ ಹೊಸ ಕೆಲಸ ಹುಡುಕ್ತೀನಿ.”

ಸುತ್ತ ಕೀಬೋರ್ಡುಗಳ ಸದ್ದು ನಿಂತುಹೋಗಿತ್ತು. “ಎಲ್ರೂ ನೋಡ್ತಿದ್ದಾರೆ ರೀ,” ಎಂದು ಪಿಸುಗುಟ್ಟಿದ.

“ಪೇಪರ್‌ನವರೇ ತಾನೇ? ಬರ್ಕೊಳ್ಳಲಿ” ಎಂದು ಅವನ ಕೈ ಹಿಡಿದುಕೊಂಡೆ.