ಹದಿನಾರು ಹಳದಿ ಗಾಜು

ಮಾರ್ಚ್ 11, ಬೆಳಿಗ್ಗೆ 8.20. ತೆವಾಕಾನ್ ಊರಿನ ಪೊಲೀಸ್ ಠಾಣೆಗೆ ಇಂಜಿನಿಯರ್ ಮರಿಕ್ರೂಸ್ ಓಡುತ್ತಲೇ ಬಂದಳು. ಜೀನ್ಸ್ ಒಗೆಯುವ ಕಾರ್ಖಾನೆಯ ನೀಲಿ ನೀರು ನಿಲ್ಲುವ ತೊಟ್ಟಿಯಿಂದ ಹದಿನಾರು ಗಾಜಿನ ಹಲಗೆಗಳು ಕಾಣೆಯಾಗಿದ್ದವು. ಅವುಗಳ ಮೇಲೆ ಬಿಸ್ಮತ್ ಎಂಬ ಲೋಹ ಬೆರೆಸಿ ಅವಳೇ ಮಾಡಿದ ಹಳದಿ ಪುಡಿಯ ಲೇಪವಿತ್ತು. ಬಿಸಿಲು ಬಿದ್ದರೆ ಅದು ನೀರಿನ ಬಣ್ಣವನ್ನು ಒಡೆದು ತಿಳಿಯಾಗಿಸುತ್ತದೆ.

"ಆ ಪುಡಿ ಹೊಟ್ಟೆಗೆ ಹೋಗ್ಬಾರ್ದು ಸಾರ್. ಯಾರಾದ್ರೂ ಕೆರೆದು ಕೇರಿ ಬಾವಿಗೆ ಹಾಕಿದ್ರೆ?"

ಇನ್‌ಸ್ಪೆಕ್ಟರ್ ರೊಸೆತೆ ಎಫ್‌ಐಆರ್ ಬರೆಸಿದ. ಹತ್ತು ಗಂಟೆಗೆ ಕೇರಿಗೆಲ್ಲ ಸುದ್ದಿ ಹರಡಿತು. ಹೆಂಗಸರು ತುಂಬಿದ ಕೊಡಗಳನ್ನು ಬೀದಿಗೆ ಸುರಿದರು. ರೊಸೆತೆಯ ಹೆಂಡತಿ ನೀರು ತರುವುದೂ ಅದೇ ಬಾವಿಯಿಂದ.

10.30, ತೊಟ್ಟಿಯ ಬಳಿ ಪಂಚನಾಮೆ. ಹಲಗೆಗಳನ್ನು ಕೂರಿಸಿದ್ದ ಚೌಕಟ್ಟಿನ ಬೀಗ ಒಡೆದಿರಲಿಲ್ಲ. ತಿರುಪುಗಳೆಲ್ಲ ಒಂದು ಡಬ್ಬಿಯಲ್ಲಿ ಜೋಪಾನವಾಗಿದ್ದವು.

ತೊಟ್ಟಿಯ ಕಾವಲುಗಾರ ಮುದುಕ ಫಿದೆನ್ಸಿಯೊನನ್ನು ಕರೆಸಿದರು.

"ಕೀ ಯಾರ ಹತ್ರ, ತಾತ?"

"ನನ್ನತ್ರ. ಇಂಜಿನಿಯರ್ ಅಮ್ಮೋರತ್ರ."

"ಉಗುರಲ್ಲಿ ಹಳದಿ ಏನು?"

"ಜೋಳದ ಹಿಟ್ಟು."

"ಅಷ್ಟು ಹಳದಿ ಜೋಳಾನಾ? ನಮ್ಮನೆಗೂ ಒಂದು ಸೇರು ಕೊಡಿ" ಎಂದ ಕಾನ್‌ಸ್ಟೇಬಲ್ ನಿಕಾನೊರ್.

1.10, ಮುದುಕನ ಮನೆ ಶೋಧ. ಮಂಚದ ಕೆಳಗೆ, ಕಂಬಳಿ ಸುತ್ತಿದ ಹಲಗೆಗಳು. ಮರಿಕ್ರೂಸ್ ಒಂದೊಂದನ್ನೂ ತಿರುಗಿಸಿ ನೋಡಿದಳು. ಹದಿನಾರಿದ್ದವು. ಎಲ್ಲೂ ಕೆರೆದ ಗುರುತಿರಲಿಲ್ಲ. ರೊಸೆತೆ ಮೊದಲು ಮನೆಗೆ ಫೋನು ಮಾಡಿದ. ಆಮೇಲೆ ಕೇಳಿದ.

"ಯಾಕೆ ತಾತ?"

"ತೊಟ್ಟಿ ನೀರು ನೀಲಿ ಇದ್ದಾಗ ನಾಯಿ ಕೂಡ ಮೂಸ್ತಿರ್ಲಿಲ್ಲ ಸಾಹೇಬ್ರೆ. ತಿಳಿಯಾಯ್ತು ನೋಡಿ, ಮೊಮ್ಮಗಳು ಬೊಗಸೇಲಿ ಕುಡಿದ್ಲು. ಮೂರು ದಿನ ಆಸ್ಪತ್ರೇಲಿ ಕಣ್ಣೇ ಬಿಡ್ಲಿಲ್ಲ."

ಮರಿಕ್ರೂಸ್ ಗೋಡೆಗೆ ಒರಗಿದಳು. "ಬಣ್ಣ ಮೊದ್ಲು ಹೋಗುತ್ತೆ. ಉಳಿದ ವಿಷ ಹೋಗೋಕೆ ಇನ್ನೂ ಎರಡು ದಿನ ಬೇಕು. ಕುಡೀಬೇಡಿ ಅಂತ ಬೋರ್ಡ್ ಹಾಕಿದ್ನಲ್ಲ..."

"ನನಗೆ ಓದೋಕೆ ಬರಲ್ಲಮ್ಮ. ಅವಳಿಗಿನ್ನೂ ನಾಲ್ಕು ವರ್ಷ."

"ನನ್ನತ್ರ ಹೇಳ್ಬಾರ್ದಿತ್ತಾ?"

"ಬೇಲಿ ಕಟ್ಸಿ ಅಂತ ಎರಡು ಸಲ ಕೇಳಿದ್ದೆ. ಮುಂದಿನ ತಿಂಗಳು ಅಂದ್ರಿ."

4.15ಕ್ಕೆ ಬಂಧನ. ಫಿದೆನ್ಸಿಯೊ ಹೆಬ್ಬೆಟ್ಟು ಒತ್ತಿದ. ಕಳ್ಳತನದ ಕಾರಣ ಎಂಬಲ್ಲಿ ರೊಸೆತೆ ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದ. ಕೊನೆಗೆ 'ಭಯ' ಎಂದು ಬರೆದ.

ಮುದುಕನನ್ನು ಕೂರಿಸಿಕೊಂಡ ಜೀಪು ತೊಟ್ಟಿಯ ಪಕ್ಕ ಹಾದುಹೋಯಿತು. ಕಾರ್ಖಾನೆಯ ಹೊಸ ನೀರು ಸೇರಿ ಅದು ಮತ್ತೆ ಕಡು ನೀಲಿಯಾಗಿತ್ತು. ದಂಡೆಯಲ್ಲಿ ಮೊಮ್ಮಗಳು ಆಡುತ್ತಿದ್ದಳು. ಅವಳ ಚೆಂಡು ಉರುಳಿ ನೀರಿಗೆ ಬಿತ್ತು. ಅಂಚಿನವರೆಗೆ ಓಡಿದವಳು ನೀರು ನೋಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಳು.

ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಮುದುಕ ಆಗ ಬಿಟ್ಟ.