ಮೂರು ಅಡಿ ಆಚೆಗೆ

ವಿಕ್ರಮನಿಗೆ ಹೇಸಿಗೆ ಹುಟ್ಟಿಸುತ್ತಿದ್ದದ್ದು ಪಕ್ಕದ ಮನೆಯ ಅಡುಗೆಕೋಣೆ. ರಹಿಮತಬಿ ಅಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿದು, ಖಾರಪುಡಿ ಮಾಡಿ ರಾಣೆಬೆನ್ನೂರಿನ ಮನೆಮನೆಗೆ ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಆ ಒಲೆಯೇ ಅವಳ ಅನ್ನ. ಇವನು ಬೆಳಿಗ್ಗೆ ಮಡಿಯುಟ್ಟು ತುಳಸಿ ಕಟ್ಟೆಗೆ ನೀರು ಹಾಕುವಷ್ಟರಲ್ಲಿ ಘಾಟು ಮೂಗಿಗೆ ಅಡರಿ, ಸೀನಿ ಸೀನಿ ಮಂತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಎರಡು ಮನೆಗಳ ನಡುವಿನ ಸಂದಿ ಸರಕಾರದ್ದು, ಅದರಲ್ಲೊಂದು ತೆರೆದ ಗಟಾರ. ಆ ಸಂದಿಗೆ ಮೂರು ಅಡಿ ಚಾಚಿ ಇವನೇ ಬಚ್ಚಲು ಕಟ್ಟಿಕೊಂಡಿದ್ದ. ಗಟಾರದಲ್ಲಿ ನಾರುವುದು ತನ್ನ ಬಚ್ಚಲಿನ ನೀರೂ ಹೌದು ಎಂಬುದು ಮಾತ್ರ ಆ ಸೂಕ್ಷ್ಮ ಮೂಗಿಗೆ ಎಂದೂ ಬಡಿದಿರಲಿಲ್ಲ.

ಈಗ ಅಲ್ಲಿ ಮುಚ್ಚಿದ ಗಟಾರ ಬರುವುದಿತ್ತು. ಸಂದಿಗೆ ಚಾಚಿದ್ದನ್ನೆಲ್ಲ ಒಡೆಯುತ್ತಾರೆ, ಅಂದರೆ ಇವನ ಬಚ್ಚಲನ್ನು. ಆದರೆ ಓಣಿಯ ನಕ್ಷೆ ಬರೆಯುವ ಗುತ್ತಿಗೆ ಸಿಕ್ಕದ್ದೂ ಇವನಿಗೇ.

ಕಂಪ್ಯೂಟರಿನಲ್ಲಿ ಸಂದಿಯ ಎರಡೂ ಗೆರೆಗಳನ್ನು ಆರಿಸಿದ. ಮೌಸಿನಿಂದ ಎಳೆಯುವುದು ಹೊಸಬರ ಕೆಲಸ. ಅರ್ಧ ಇಂಚು ವಾರೆಯಾದರೂ ಯಾರಾದರೂ ಹುಬ್ಬು ಗಂಟಿಕ್ಕುತ್ತಾರೆ. ಇವನು ಗೆರೆಯ ತುದಿ ಹಿಡಿದು, ಮೂರು ಅಡಿ ಎಂದು ಅಂಕಿ ಕೊಟ್ಟು, ಎಂಟರ್ ಒತ್ತಿದ. ಸಂದಿ ಸದ್ದಿಲ್ಲದೆ ಆಚೆಗೆ ಸರಿಯಿತು. ಬಚ್ಚಲು ಇವನ ಜಾಗಕ್ಕೆ ಬಂತು, ರಹಿಮತಬಿಯ ಅಡುಗೆಕೋಣೆ ಗಟಾರದ ಜಾಗಕ್ಕೆ ಬಿತ್ತು. ಗಡಿಕಲ್ಲು ಎಂದೋ ಮಣ್ಣಲ್ಲಿ ಹೂತುಹೋಗಿತ್ತು. ಇಂಥ ಹೊಲಸು ಕೆಲಸಕ್ಕೂ ಪುಣ್ಯಾತ್ಮ ಕೈ ತೊಳೆದುಕೊಂಡೇ ಕೂತಿದ್ದ.

ಉಳಿದದ್ದು ಅವಳ ಮನೆಯ ಅಳತೆ. ಟೇಪು ಹಿಡಿದು ಅವಳ ಅಂಗಳದ ಅಂಚಿನತನಕ ಹೋಗಿದ್ದ.

“ಒಳಗ ಬಾರಪಾ ವಿಕ್ರಮ. ಅಳತಿ ಆಮ್ಯಾಲ, ಮೊದಲ ಛಾ ಕುಡಿ,” ಎಂದು ಅವಳೇ ಹೊರಬಂದು ಕರೆದಿದ್ದಳು.

ಆ ಮನೆಯ ಕಪ್ಪಿಗೆ ತುಟಿ ಹಚ್ಚುವುದೇ? “ಹೊರಗಿಂದನ ಆಗತೈತಿ ಬಿಡ್ರಿ,” ಎಂದು ಮೂಗಿಗೆ ಕರವಸ್ತ್ರ ಒತ್ತಿ ತಿರುಗಿದ್ದ. ಎರಡೂ ಮನೆ ಕಟ್ಟಿದ್ದು ಒಬ್ಬನೇ ಗೌಂಡಿ, ಅಳತೆಯೂ ಒಂದೇ. ತನ್ನ ಮನೆಯ ನಕ್ಷೆ ತಯಾರೇ ಇರುವಾಗ ಅವಳ ಹೊಸ್ತಿಲು ಯಾಕೆ ತುಳಿಯಬೇಕು? ಅಂಗಳದಿಂದ ಹಿತ್ತಿಲತನಕ ಇಡೀ ಮನೆಯನ್ನು ಕಾಪಿ ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪಕ್ಕದಲ್ಲಿ ಕೂರಿಸಿದ. ಬಚ್ಚಲಿದ್ದ ಕಡೆ ಅಡುಗೆಕೋಣೆ ಮಾಡಿದ. ದೇವರ ಕೋಣೆಯನ್ನೂ ನೆನಪಿಟ್ಟು ಅಳಿಸಿ, ತನ್ನ ಜಾಣತನಕ್ಕೆ ತಾನೇ ನಕ್ಕ. ಕೋಣೆ ಕೋಣೆಯನ್ನೂ ಮತ್ತೊಮ್ಮೆ ನೋಡಿದ, ಎಲ್ಲೂ ತಪ್ಪಿರಲಿಲ್ಲ.

ಹಾವೇರಿಯಿಂದ ಬಂದ ಎಂಜಿನಿಯರ್ ಶ್ರದ್ಧಾ ಓಣಿಯಲ್ಲಿ ನಿಂತು ನಕ್ಷೆ ಬಿಡಿಸಿದಳು.

“ಒಲಿ ಹೋದ್ರ ನಾ ಹೆಂಗ ಬದುಕಲಿರಿ ಬಾಯಾರ?” ಎಂದಳು ರಹಿಮತಬಿ.

“ಈ ಮನಿ ನೀವ ಖುದ್ದ ಅಳದೀರೇನ್ರಿ?” ಎಂದು ಶ್ರದ್ಧಾ ವಿಕ್ರಮನನ್ನು ಕೇಳಿದಳು.

“ಇಂಚಿಂಚೂ ಅಳದೇನ್ರಿ ಮೇಡಮ್,” ಎಂದ ವಿಕ್ರಮ.

ಶ್ರದ್ಧಾ ನಕ್ಷೆ ನೋಡಿದಳು. ಮೆಣಸಿನಕಾಯಿ ಒಣಹಾಕಿದ್ದ ಬೋಳು ಅಂಗಳವನ್ನು ನೋಡಿದಳು. ಮತ್ತೆ ನಕ್ಷೆಯತ್ತ ಬಗ್ಗಿ, ಬಾಗಿಲ ಮುಂದಿನ ಪುಟ್ಟ ಚೌಕದ ಮೇಲೆ ಬೆರಳಿಟ್ಟಳು. “ಹಂಗಾದ್ರ ರಹಿಮತಬಿಯವರ ಅಂಗಳದಾಗ ಈ ತುಳಸಿ ಕಟ್ಟಿ ಎಲ್ಲೈತಿ, ಸ್ವಲ್ಪ ತೋರಸ್ರಿ.”