ಮುಖ ಇಲ್ಲದ ಮುಖಪುಟ

"ಏ... ಏ! ಯಾರ್ರೀ ನೀವು? ಪೋಸ್ಟರ್ ಯಾಕ ಹರಿಯಾಕತ್ತೀರಿ?"

ಮುಧೋಳ ಬಸ್ ಸ್ಟ್ಯಾಂಡಿನ ಕಲ್ಲುಬೆಂಚು ಹತ್ತಿ ನಿಂತಿದ್ದ ಯಶೋಧರಾ ತಿರುಗಿಯೂ ನೋಡಲಿಲ್ಲ. ಉಗುರು ಹಾಕಿ ಜೋರಾಗಿ ಎಳೆದಳು. ಚರ್‍ರ್! ಅರ್ಧ ಪೋಸ್ಟರ್ ಕೈಗೆ ಬಂತು.

"ಇನ್ನೂ ಅಂಟ ಆರಿಲ್ರೀ, ಈಗರ ಹಚ್ಚೇನಿ!" ಅಂಟಿನ ಬಕೆಟ್ ಹಿಡಿದ ತರುಣ ಓಡಿ ಬಂದ. "ಆ ಹಾಡೋ ಹುಡುಗಿ ಮ್ಯಾಲ ಅಂಥಾದ್ದೇನ ಸಿಟ್ಟು ನಿಮಗ?"

"ಆ ಹಾಡೋ ಹುಡುಗಿ ನಾನ!"

ಅವನು ಪೋಸ್ಟರ್ ನೋಡಿದ. ಅವಳನ್ನು ನೋಡಿದ. ಮತ್ತೆ ಪೋಸ್ಟರ್ ನೋಡಿದ.

ಪೋಸ್ಟರಿನವಳದು ಹಾಲಿನಂಥ ಕೆನ್ನೆ, ಕಡೆದಿಟ್ಟಂಥ ಸಣ್ಣ ಮೂಗು. ಬೆಂಚಿನ ಮೇಲಿದ್ದವಳದು ಮಳೆ ಬಿದ್ದ ಎರೆಮಣ್ಣಿನ ಬಣ್ಣ. ಅಗಲ ಮೂಗು, ಅದರಲ್ಲೊಂದು ಬೇಸರಿ ನತ್ತು, ಒಂದರ ಮೇಲೊಂದು ಹತ್ತಿ ಕುಳಿತ ಎರಡು ಹಲ್ಲು.

"ಸುಮ್ನಿರ್ರೀ... ಅಕಿ ಎಲ್ಲಿ, ನೀವೆಲ್ಲಿ!"

ಬಸ್ಸಿಗೆ ಕಾಯುತ್ತಿದ್ದವರು ಕಿಸಕ್ಕೆಂದರು. ಯಶೋಧರಾಳ ಕಣ್ಣು ಒದ್ದೆಯಾಯಿತು. ಆದರೆ ಅಳಲಿಲ್ಲ. ಅದೇ ಬೆಂಚಿನ ಮೇಲೆ ನಿಂತು ಕಂಠ ಬಿಟ್ಟು ಹಾಡಿದಳು...

*ಟ್ರಾಲಿ ಹಿಂದ ಟ್ರಾಲಿ ಬಂತು, ನಿನ್ನ ಟ್ರ್ಯಾಕ್ಟರ್ ಎಲ್ಲಿ ನಿಂತು...*

"ಯವ್ವಾ! ಖರೇನ ಅಕೀನ!" ಎಂದು ಮುದುಕಿಯೊಬ್ಬಳು ಎದ್ದು ನಿಂತಳು. ಹುಡುಗರು ಶಿಳ್ಳೆ ಹೊಡೆದರು.

ತರುಣನ ಮುಖ ಕೆಂಪಾಯಿತು. ಬಕೆಟ್ ಕೆಳಗಿಟ್ಟು ಮೆಲ್ಲಗೆ ಹೇಳಿದ, "ತಪ್ಪಾತ್ರಿ... ಅದನ್ನ ಡಿಸೈನ್ ಮಾಡಿದಾಂವಾ ನಾನ."

ಯಶೋಧರಾ ಬಾಡಗಂಡಿಯ ರಾಚಪ್ಪನ ಮಗಳು. ಅಪ್ಪನ ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗುವಾಗ ಪಕ್ಕದಲ್ಲಿ ಕುಳಿತು ಹಾಡು ಕಟ್ಟಿದವಳು. ಮೊಬೈಲಿನಲ್ಲಿ ಹಾಡಿ ಬಿಟ್ಟ ಒಂದು ಹಾಡು ಬೀಳಗಿಯಿಂದ ಜಮಖಂಡಿಯವರೆಗೆ ಎಲ್ಲ ಟ್ರ್ಯಾಕ್ಟರ್‌ಗಳ ದೊಡ್ಡ ಸ್ಪೀಕರ್ ಡಬ್ಬಿಗಳಲ್ಲಿ ಮೊಳಗಿತು. ಮುಧೋಳದಲ್ಲಿ ಸ್ಟುಡಿಯೋ ಇಟ್ಟಿದ್ದ ಶಿವಯೋಗೆಪ್ಪ ಅವಳನ್ನು ಹುಡುಕಿಕೊಂಡು ಬಂದಿದ್ದರು. ಈಗ ಪೂರಾ ಆಲ್ಬಮ್ ಸಿದ್ಧವಾಗಿತ್ತು. ಹೆಸರು "ಸಿಹಿ ಲೋಡ್". ಟ್ರ್ಯಾಕ್ಟರಿನವರು ಪೆನ್‌ಡ್ರೈವ್ ಚುಚ್ಚಿಯೇ ಹಾಡು ಕೇಳುವುದರಿಂದ ಆಲ್ಬಮ್ಮೂ ಪೆನ್‌ಡ್ರೈವಿನಲ್ಲೇ, ಚೆಂದದ ಡಬ್ಬಿಯಲ್ಲಿಟ್ಟು ಮಾರಾಟಕ್ಕೆ ಬರುವುದಿತ್ತು.

ಆ ತರುಣ ರಬಕವಿಯ ಯಲ್ಲಾಲಿಂಗ. ನೇಕಾರರ ಮನೆಯವನು. ಸೀರೆ ಡಬ್ಬಿ, ಲೇಬಲ್, ಪೋಸ್ಟರ್ ಡಿಸೈನ್ ಮಾಡುವುದು ಅವನ ಕೆಲಸ.

ಅರ್ಧ ಪೋಸ್ಟರ್ ಹಿಡಿದೇ ಯಶೋಧರಾ ಸ್ಟುಡಿಯೋಕ್ಕೆ ನುಗ್ಗಿದಳು. ಹಿಂದೆಯೇ ಯಲ್ಲಾಲಿಂಗನೂ ಬಂದ.

"ಮಂದಿ ಬೆಳ್ಳನ ಮಾರಿ ನೋಡ್ತಾರವ್ವಾ," ಎಂದರು ಶಿವಯೋಗೆಪ್ಪ, ಏನೂ ಆಗಿಲ್ಲವೆಂಬಂತೆ. "ನಿನ್ನ ಛಲೋದಕ್ಕ ಮಾಡ್ಸೀನಿ."

"ನನ್ನ ದನಿ ಬೇಕು, ನನ್ನ ಮಾರಿ ಬ್ಯಾಡಂದ್ರ ಹೆಂಗ್ರೀ ಕಾಕಾ?"

ಯಲ್ಲಾಲಿಂಗ ಗಂಟಲು ಸರಿಮಾಡಿಕೊಂಡ.

"ಒಂದ ಮಸಕ ಫೋಟೋ ಕೊಟ್ಟು, ಮೂಗ ತಿದ್ದಿ ಬೆಳ್ಳಗ ಮಾಡಂದ್ರು, ನಾ ಮಾಡಿದೆ. ಎಲ್ಲಾರ ಫೋಟೋಕ್ಕೂ ಹಂಗ ಮಾಡ್ತೀವ್ರಿ. ತಪ್ಪಂತ ಒಂದ ದಿನಾನೂ ಅನಿಸಿರ್ಲಿಲ್ಲ... ಇವತ್ತ ಅನಿಸಾಕತ್ತೈತಿ. ಎಲ್ಲಾ ಮೊದಲಿಂದ ಮಾಡಿ ಕೊಡ್ತೀನಿ. ಇವರು ಹೆಂಗದಾರೋ ಹಂಗ."

'ತಪ್ಪು ಒಪ್ಕೊಳ್ಳಾಕ ಬರ್ತೈತಿ ಇವಂಗ...' ಯಶೋಧರಾಳ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಬೇಕಂತಲೇ ಇಟ್ಟುಕೊಂಡಳು!

ಕೆಲಸ ಶುರುವಾಯಿತು. ಅವನು ಕ್ಯಾಮೆರಾ ಹಿಡಿದು ಬಾಡಗಂಡಿಯ ಕಬ್ಬಿನ ಹೊಲಕ್ಕೆ ಬಂದ. ಅವಳು ರಬಕವಿಗೆ ಹೋದಳು. ಅವರ ಓಣಿಯಲ್ಲಿ ಮನೆಮನೆಯ ಪವರ್‌ಲೂಮ್‌ಗಳು ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ.

"ಡಬ್ಬಿ ಮ್ಯಾಲ ನಮ್ಮ ಮಗ್ಗದ ಅರಿವೀನ ಹಚ್ಚೂಣು!" ಎಂದು ಕೂಗಿ ಹೇಳಿದ.

"ಏನು? ನೀರ ತುಂಬೂ ಹರವೀನಾ?"

"ಅರಿವಿ! ಅರಿವಿ! ಬಟ್ಟಿ!"

ಅವನ ತಾಯಿ ಗುರುಬಸವ್ವ ನಗುತ್ತಾ ಅವಳ ಕೈಗೆ ಚಹಾ ಕೊಟ್ಟಳು. "ಅಂವಾ ಹಿಂಗ ಒದರೂದು ನಾ ನೋಡೇ ಇಲ್ಲವ್ವಾ. ಮನ್ಯಾಗ ಬಾಯಿ ಸತ್ತಾಂವ್ನಂಗ ಇರ್ತಾನ!"

ಟ್ರಾಲಿಗೆ ಅಂಟಿಸುವ ಸ್ಟಿಕರ್, ಡ್ರೈವರ್‌ಗಳಿಗೆ ಟೀ ಶರ್ಟ್, ಅಂಗಡಿಗೆ ತೂಗುವ ಕಾರ್ಡು... ಪ್ರತಿಯೊಂದಕ್ಕೂ ಜಗಳ. ಜಗಳ ಮುಗಿದ ಮೇಲೆ ಲೋಕಾಪುರ ಕ್ರಾಸಿನಲ್ಲಿ ಬಿಸಿ ಮಿರ್ಚಿ ಭಜಿ. ಖಾರ ಹತ್ತಿ ಅವಳು ಉಫ್ ಉಫ್ ಎಂದು ಊದುವಾಗ ಅವನು ಕದ್ದು ಫೋಟೋ ತೆಗೆಯುತ್ತಿದ್ದ.

"ಅಳಸ್ರೀ ಅದನ್ನ!"

"ಊಹೂಂ. ಇದರಾಗ ನೀವ ಖರೇ ಕಾಣ್ತೀರಿ."

ಆ ಮಾತು ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅವಳ ಕಿವಿಯಲ್ಲೇ ಇತ್ತು. ಸಣ್ಣಂದಿನಿಂದ ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದ ಹುಡುಗಿ ಅವಳು. 'ಇಂವಂಗ ನನ್ನ ಮಾರಿ ಇಷ್ಟ... ಖರೇನ ಇಷ್ಟ!' ಎಂದುಕೊಂಡಾಗ ಕಿಟಕಿಯಾಚೆಯ ಕಬ್ಬೆಲ್ಲ ತಲೆಯಾಡಿಸಿದಂತೆ ಕಂಡಿತು.

ಹಾಗಾಗಿಯೇ ಆ ದಿನ ಅಷ್ಟು ನೋವಾಯಿತು.

ಬಿಡುಗಡೆಗೆ ವಾರವಿತ್ತು. ಜಮಖಂಡಿಯ ಪ್ರೆಸ್ಸಿನಿಂದ ಡಬ್ಬಿಯ ಮಾದರಿ ಸ್ಟುಡಿಯೋಕ್ಕೆ ಬಂದಿದೆ ಎಂದು ಕೇಳಿ ಯಶೋಧರಾ ಓಡೋಡಿ ಬಂದಳು. ಮುಖಪುಟದ ಅಂಚಿಗೆ ರಬಕವಿಯ ಬಟ್ಟೆ, ಮೇಲೆ ಅವಳ ಹೆಸರು, ಸುತ್ತ ಕಬ್ಬಿನ ಗರಿಗಳು... ಎಲ್ಲ ಚೆಂದ.

ನಡುವೆ ಮಾತ್ರ ಏನೂ ಇರಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ದುಂಡಗೆ ಕತ್ತರಿಸಿದ ಒಂದು ತೂತು!

"ಕಾಕಾ... ನನ್ನ ಫೋಟೋ?"

ಶಿವಯೋಗೆಪ್ಪರೂ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನನಗೂ ತಿಳೀವಲ್ದವ್ವಾ. ಮೊನ್ನೆ ಮತ್ತ ಕೇಳಿದ್ನಿ, ಒಂಚೂರು ಬೆಳ್ಳಗ ಮಾಡಪಾ ಅಂತ. ಮಾಡೂದುಲ್ಲ ಅಂದ. ಕಡೀಕ ಮಾರೀನ ತಗದ ಬಿಟ್ಟಾನ ನೋಡು!"

ಅವಳು ಯಲ್ಲಾಲಿಂಗನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ! ಮಗ್ಗದ ಸದ್ದಿನಲ್ಲಿ ಅವನಿಗೆ ಕೇಳಿಸದಿರಬಹುದು ಎಂದು ಅವಳಿಗೆ ಆಗ ಹೊಳೆಯಲೇ ಇಲ್ಲ.

'ಬೆಳ್ಳಗ ಮಾಡಾಕ ಮನಸ್ಸಾಗ್ಲಿಲ್ಲ... ಕರ್‍ರಗ ತೋರ್ಸಾಕ ಧೈರ್ಯಾ ಆಗ್ಲಿಲ್ಲ. ಅದಕ್ಕ ತೂತು ಮಾಡ್ಯಾನ. ಹಂಗಾದ್ರ ನೀವ ಖರೇ ಕಾಣ್ತೀರಿ ಅಂದಿದ್ದೂ ಸುಳ್ಳ...'

ಅವನ ನಂಬರ್ ಬ್ಲಾಕ್ ಮಾಡಿದಳು.

"ಆ ಹಳೇ ಬೆಳ್ಳನ ಫೋಟೋನ ಹಾಕಸ್ರಿ ಕಾಕಾ. ನನಗೇನೂ ಅನಿಸೂದುಲ್ಲ."

ಎರಡು ದಿನ ಅವಳು ಹಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಪ್ಪ ರಾಚಪ್ಪ ಊಟಕ್ಕೆ ಬಂದವನು ಟವೆಲ್ಲಿನಿಂದ ಒಂದು ಡಬ್ಬಿ ತೆಗೆದ.

"ಕಾರ್ಖಾನಿ ಮುಂದ ಕಬ್ಬಿನ ಗಾಡಿಗಳ ಪಾಳ್ಯಾಗ ನಿಂತಿದ್ದೆ. ಆ ರಬಕವಿ ಹುಡುಗ ಟ್ರ್ಯಾಕ್ಟರ್ ಹುಡುಕ್ಕೋಂತ ಬಂದು ಇದನ್ನ ಕೊಟ್ಟ. 'ಯಶೋಧರಾಗ ಕೊಡ್ರಿ, ನನ್ನ ಮ್ಯಾಲ ಸಿಟ್ಟದಾರ' ಅಂದ. ಜಮಖಂಡಿ ಪ್ರೆಸ್ಸಿನಿಂದ ಫೋನ್ ಬಂದೈತಿ, ಹೋಗೂದೈತಂತ ಹಂಗ ಓಡಿದ."

"ನನಗ ಬ್ಯಾಡ ಅದು."

"ಬ್ಯಾಡಾದ್ರ ಬಿಡು. ನನಗ ಹಾಡ ಬೇಕು." ರಾಚಪ್ಪ ಪೆನ್‌ಡ್ರೈವಿಗಾಗಿ ಡಬ್ಬಿಯನ್ನು ಅತ್ತ ಇತ್ತ ಒತ್ತಿ, ಬದಿಗೆ ಇಳಿಬಿದ್ದಿದ್ದ ಬಟ್ಟೆಯ ಪಟ್ಟಿಯನ್ನು ಹಿಡಿದು ಎಳೆದ.

ಒಳಗಿನ ಕಾರ್ಡು ಜಾರಿ ಬಂತು. ದುಂಡನೆಯ ಕಿಂಡಿಯಲ್ಲಿ ಒಂದು ಮುಖ ಮೂಡಿ ನಿಂತಿತು!

"ಏ ಯಶೋ! ಇಲ್ಲಿ ನೋಡ... ಥೇಟ್ ನಿಮ್ಮವ್ವ!"

"ನಂದೇನ ತಗದ್ರಿ ಮತ್ತ?" ಒಳಗಿನಿಂದ ಅವ್ವನ ದನಿ ಬಂತು.

"ನೀ ಚೆಂದ ಅದೀ ಅಂದೆ!"

"ಈಗರ ಗೊತ್ತಾತಲ್ಲ!"

ಯಶೋಧರಾ ಡಬ್ಬಿ ಕಸಿದುಕೊಂಡಳು. ಲೋಕಾಪುರ ಕ್ರಾಸಿನ ಫೋಟೋ. ಖಾರ ಹತ್ತಿ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು, ಒಂದರ ಮೇಲೊಂದು ಹತ್ತಿದ ಆ ಎರಡು ಹಲ್ಲು. ಕೆನ್ನೆಯ ಬಣ್ಣ ಅವಳದೇ ಬಣ್ಣ. ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಪಟ್ಟಿ ಒಳಗೆ ತಳ್ಳಿದಳು. ಮುಖ ಮಾಯ. ಎಳೆದಳು. ನಗು ಹೊರಗೆ ಬಂತು!

ಪ್ರೆಸ್ಸಿನವರು ಮೊದಲು ಬರೀ ಹೊರಗಿನ ಹೊದಿಕೆ ಕಳಿಸಿದ್ದರು. ಒಳಗಿನ ಕಾರ್ಡು ಆಗಿನ್ನೂ ಅಚ್ಚಾಗಿರಲಿಲ್ಲ... ಅಷ್ಟೇ!

'ಯವ್ವಾ! ನಾ ಏನ ಮಾಡಿಬಿಟ್ಟೆ!'

ಶಿವಯೋಗೆಪ್ಪರಿಗೆ ಫೋನ್ ಮಾಡಿದಳು. "ಕಾಕಾ, ಆ ಬೆಳ್ಳನ ಫೋಟೋ ನಿಲ್ಲಸ್ರಿ!"

"ಮುಂಜಾನೇನ ಪ್ರೆಸ್ಸಿಗೆ ಕಳಿಸೀನಲ್ಲವಾ! ಅಲ್ಲಿ ಯಾರೂ ಫೋನ್ ಎತ್ತವಲ್ರು."

ಅವಳು ಚಪ್ಪಲಿ ಮೆಟ್ಟಿದ್ದಷ್ಟೇ. ಬೀಳಗಿ, ಅಲ್ಲಿಂದ ಜಮಖಂಡಿ. ಬಸ್ಸು ಪ್ರತಿ ಸ್ಟಾಪಿನಲ್ಲಿ ನಿಂತಾಗಲೂ ಅವಳ ಉಸಿರೂ ನಿಲ್ಲುತ್ತಿತ್ತು. ಪ್ರೆಸ್ಸಿನ ಬಾಗಿಲಲ್ಲೇ ಕೂಗಿದಳು, "ಮಷೀನ್ ನಿಲ್ಲಸ್ರೀ!"

"ಶುರು ಆದ್ರ ಅಲ್ಲೇನವಾ ನಿಲ್ಲಸೂದು?" ಪ್ರೆಸ್ಸಿನ ಜಕ್ಕಪ್ಪ ಹಣೆ ಒತ್ತಿಕೊಂಡ. "ನೋಡ ಅಲ್ಲಿ. ಬಂದಾಂವ್ನ ಮಷೀನಿಗೆ ಬೆನ್ನ ಕೊಟ್ಟು ಕುಂತಾನ. ಚಹಾಕ್ಕ ಕರದ್ರೂ ಏಳವಲ್ಲ!"

ಯಲ್ಲಾಲಿಂಗ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

"ನೀವು ನನ್ನ ಜೋಡಿ ಮಾತಾಡಬ್ಯಾಡ್ರಿ ಬೇಕಾದ್ರ. ಆದ್ರ ಆ ಸುಳ್ಳ ಮಾರಿ ಮಾತ್ರ ಬ್ಯಾಡ್ರಿ."

ಅವಳಿಗೆ ಅಳುವೂ ಬಂತು, ನಗುವೂ ಬಂತು. "ಡಬ್ಬಿ ನೋಡಿದೆ. ನಾ ನಿಮ್ಮನ್ನ ತಪ್ಪ ತಿಳ್ಕೊಂಡೆ... ಯಾಕ ಹಂಗ ಕಿಂಡಿ ಮಾಡಿದ್ರಿ?"

"ನೀವೂ ಹಂಗ ಅದೀರಲ್ರೀ. ಮೊದಲ ಸಿಟ್ಟ ಕಾಣ್ತೈತಿ, ಒಂಚೂರ ಎಳದ್ರ ನಗು ಬರ್ತೈತಿ. ಮಂದೀಗೂ ಹಂಗ ಸಿಗ್ಲಿ ಅಂತ... ನಿಮಗ ಕಡೀಕ ತೋರ್ಸಿ ಖುಷಿ ಮಾಡಬೇಕಂದಿದ್ದೆ."

ಯಶೋಧರಾಳ ನಗು ನಿಂತಿತು.

"ಅದ ನೋಡ್ರಿ ನಿಮ್ಮ ತಪ್ಪು. ಕಾಕಾ ನನ್ನ ಕೇಳದ ಬೆಳ್ಳಗ ಮಾಡ್ಸಿದ್ರು. ನೀವು ನನ್ನ ಕೇಳದ ಮುಚ್ಚಿಟ್ರಿ. ಈಗೂ ನನ್ನ ಕೇಳದ ಮಷೀನ್ ಹಿಡಕೊಂಡ ಕುಂತೀರಿ! ಮಾರಿ ನಂದಲ್ಲೇನ್ರೀ? ಅದರ ಬಗ್ಗೆ ನನ್ನೊಬ್ಬಾಕೀನ ಯಾರೂ ಕೇಳೂದುಲ್ಲ."

ಯಲ್ಲಾಲಿಂಗ ಇಷ್ಟು ದಿನ, ಪ್ರೀತಿಯಿಂದ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಅದು ಸರಿ ಎಂದುಕೊಂಡಿದ್ದ.

"ಹೌದ್ರಿ," ಎಂದ. ಮಷೀನಿನ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತ. "ನೀವ ಹೇಳ್ರಿ. ಯಾವುದ ಅಚ್ಚಾಗ್ಲಿ?"

ಜಕ್ಕಪ್ಪ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ಹಾಲಿನ ಕೆನ್ನೆಯವಳು ಒಂದು ಕಡೆ, ಮಿರ್ಚಿ ತಿಂದು ನಗುವವಳು ಇನ್ನೊಂದು ಕಡೆ.

ಯಶೋಧರಾ ಬೆರಳಿಟ್ಟಳು. "ಇಕಿ. ಕಿಂಡೀನೂ ಇರ್ಲಿ... ಛಲೋ ಐತಿ."

"ಸಿಹಿ ಲೋಡ್" ಮುಧೋಳದಲ್ಲಿ ಬಿಡುಗಡೆಯಾದ ದಿನ ರಸ್ತೆಯ ಎರಡೂ ಬದಿ ಟ್ರ್ಯಾಕ್ಟರ್‌ಗಳು. ಡ್ರೈವರ್‌ಗಳು ಡಬ್ಬಿ ಕೊಂಡವರೇ ಪಟ್ಟಿ ಎಳೆದು ನೋಡುವುದು, ನಗುವುದು, ಪಕ್ಕದವನಿಗೆ ತೋರಿಸುವುದು! "ನಮ್ಮ ಅಕ್ಕನಂಗ ಅದಾಳಲೇ!" ಎಂದನೊಬ್ಬ. ಆ ಮಾತು ಕೇಳಿ ಶಿವಯೋಗೆಪ್ಪ ಕಿವಿ ತುರಿಸಿಕೊಂಡರು. ಮರುದಿನವೇ ಬಸ್ ಸ್ಟ್ಯಾಂಡಿನ ಗೋಡೆಗೆಲ್ಲ ಹೊಸ ಪೋಸ್ಟರ್ ಹಚ್ಚಿಸಿದರು.

ಡಬ್ಬಿಗಳ ಮೊದಲ ಲೋಡು ಬಿಡುಗಡೆಯ ದಿನ ಸಂಜೆಗೇ ಖಾಲಿಯಾಗಿತ್ತು. ಎರಡನೆಯದನ್ನು ಮಡಿಚಲು ಯಶೋಧರಾ ರಬಕವಿಗೆ ಬಂದಳು. ಗುರುಬಸವ್ವ ಅಂಟು ಹಚ್ಚಿದರೆ, ಇವಳು ಮಡಿಚುತ್ತಿದ್ದಳು. ಯಲ್ಲಾಲಿಂಗ ಕಾರ್ಡು ಸೇರಿಸುತ್ತಾ ಕುಳಿತಿದ್ದ. ಸುತ್ತಲೂ ಮಗ್ಗಗಳ ಖಟಖಟ.

ಅವನು ಏನೋ ಅಂದ.

"ಏನ್ರೀ? ಕೇಳವಲ್ದು!"

ಮತ್ತೇನೋ ಅಂದ. ಅವಳು ಕಿವಿಗೆ ಕೈಯಿಟ್ಟು ತಲೆಯಾಡಿಸಿದಳು. ಅವನು ಉಸಿರು ಎಳೆದುಕೊಂಡು ಪೂರಾ ದನಿ ತೆಗೆದ...

ಅಷ್ಟರಲ್ಲೇ ಕರೆಂಟ್ ಹೋಯಿತು. ಓಣಿಯ ಅಷ್ಟೂ ಮಗ್ಗಗಳು ಒಮ್ಮೆಲೇ ನಿಂತವು.

"...ನೀವಂದ್ರ ನನಗ ಬಾಳ ಇಷ್ಟಾ ರೀ!"

ಓಣಿಯ ಆ ತುದಿಯವರೆಗೂ ಕೇಳಿಸಿತು. ಎದುರು ಮನೆಯ ಯಲ್ಲಕ್ಕ ಬಾಗಿಲಿಗೆ ಬಂದಳು. "ಯಾರಿಗಪಾ? ನನಗೇನು?"

ಗುರುಬಸವ್ವ ಅಂಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ನಾ ಚಹಾ ಮಾಡ್ತೀನಿ," ಎನ್ನುತ್ತಾ ಒಳಗೆ ಹೋಗಿ, ಬಾಗಿಲ ಹಿಂದೆಯೇ ನಿಂತುಕೊಂಡಳು.

ಯಲ್ಲಾಲಿಂಗನ ಕಿವಿ ಕೆಂಪಾಗಿತ್ತು. ಮಡಿಚಿದ ಡಬ್ಬಿಯನ್ನೇ ಮತ್ತೆ ಮಡಿಚುತ್ತಿದ್ದ.

ಯಶೋಧರಾ ಅವನ ಕೈಯಿಂದ ಡಬ್ಬಿ ಬಿಡಿಸಿಕೊಂಡಳು. "ಇಷ್ಟಾ ಅಂತ ಹೇಳಿದ್ರಿ. ಕೇಳೂದ ಏನೂ ಇಲ್ಲೇನು?"

"ಐತ್ರಿ... ಯಶೋಧರಾ ಅವ್ರ..."

"ಅವ್ರ ಬ್ಯಾಡ."

"ಯಶೋಧರಾ..."

"ನಮ್ಮಪ್ಪ ಯಶೋ ಅಂತಾನ."

ಅವನು ತಲೆಯೆತ್ತಿದ. "ಯಶೋ... ನನ್ನ ಲಗ್ನಾ ಆಗ್ತೀಯೇನು?"

ಅವಳು ಉತ್ತರ ಕೊಡುವ ಮುಂಚೆ ಕರೆಂಟ್ ಬಂತು. ಖಟಖಟ, ಖಟಖಟ... ಅವಳ ತುಟಿಗಳು ಅಲುಗಿದವು. ಅವನಿಗೆ ಒಂದಕ್ಷರವೂ ಕೇಳಲಿಲ್ಲ.

"ಏನಂದಿ?" ಎಂದು ಕೂಗಿದ, ಗಾಬರಿಯಿಂದ.

ಯಶೋಧರಾ ಡಬ್ಬಿಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ, ಹತ್ತಿರ ಬಂದು, ಅವನ ಕಿವಿಗೆ ಬಾಯಿಟ್ಟು ಹೇಳಿದಳು.

"ಹೂಂ ಅಂದೆ... ಇನ್ನೊಮ್ಮೆ ಹೇಳ್ಲೇನು?"

"ಹೇಳು. ಇನ್ನೊಮ್ಮೆ ಹೇಳು!"